ನಿದ್ದೆಯಿಲ್ಲದ ಡ್ರೈವರ್ ಮಾಮಾ

ಹೋದ ವಾರ ನಿಪ್ಪಾಣಿಯಲ್ಲಿ ಒಂದು ಮದುವೆ ಊಟಕ್ಕೆ ಕೂತಿದ್ದೆ. ಈಗೆಲ್ಲ ಕಾಗದದ ತಟ್ಟೆ, ಆದರೆ ಅವರು ಬಾಳೆ ಎಲೆ ಹಾಕಿದ್ದರು. ನೀರು ಚಿಮುಕಿಸಿದ ಎಲೆಯ ಮೇಲೆ ಬಿಸಿ ಅನ್ನ ಬಿದ್ದಾಗ ಎದ್ದ ಹಸಿ ವಾಸನೆಗೆ ನನ್ನ ಕೈ ನಿಂತೇಬಿಟ್ಟಿತು. "ಯಾಕ್ರಿ, ಏನಾತು?" ಅಂದಳು ಪಕ್ಕದಲ್ಲಿದ್ದ ಹೆಂಡತಿ. ಏನಿಲ್ಲ ಅಂದೆ. ಬಸ್ಸಿನ ಹಿಂದಿನ ಉದ್ದ ಸೀಟು ಕಣ್ಣ ಮುಂದೆ ಬಂದಿತ್ತು... ಅದರ ಮೇಲೆ ಬಾಳೆ ಎಲೆ ಹಾಸಿಕೊಂಡು, ಮೈ ಊರಲಾಗದೆ ಒದ್ದಾಡುತ್ತಿದ್ದ ನಮ್ಮ ಡ್ರೈವರ್ ಮಾಮಾ.

ಆಗ ನಾನು ಹೊಸದಾಗಿ ಕಂಡಕ್ಟರ್ ಆಗಿದ್ದೆ. ಉಗಾರ ಬುದ್ರುಕದ ವಸ್ತಿ ಗಾಡಿ ನಮ್ಮದು. ರಾತ್ರಿ ಅಲ್ಲೇ ಗಾಡಿ ನಿಲ್ಲಿಸಿ, ಅದರೊಳಗೇ ಮಲಗಿ, ಬೆಳಿಗ್ಗೆ ಆರಕ್ಕೆ ರಾಯಬಾಗದ ಮೇಲೆ ಚಿಕ್ಕೋಡಿಗೆ ಹೊರಡಬೇಕು. ಮಾಮಾ ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ರಸ್ತೆಯಲ್ಲಿ ಗುಂಡಿ ಬಂದರೆ ಒಳಗೆ ಬಾಣಂತಿ ಕೂತಿದ್ದಾಳೆ ಅನ್ನುವ ಹಾಗೆ ಮೆಲ್ಲಗೆ ಇಳಿಸುತ್ತಿದ್ದರು. ಕೈ ಮಾಡಿದ ಮುದುಕಿಯನ್ನು ಬಿಟ್ಟುಹೋದದ್ದನ್ನು ನಾನು ಒಮ್ಮೆಯೂ ನೋಡಿಲ್ಲ.

ಮೊದಲು ಅವರ ಬಾಯಲ್ಲಿ ಹುಣ್ಣಾಯಿತು. ರೊಟ್ಟಿ ಅಗಿಯಲಾಗದೆ ಮಜ್ಜಿಗೆಯಲ್ಲಿ ನೆನೆಸಿ ನುಂಗುತ್ತಿದ್ದರು. ಆಮೇಲೆ ಎದೆಗೆ, ಬೆನ್ನಿಗೆ ನೀರುಗುಳ್ಳೆ ಎದ್ದವು. ಸುಟ್ಟರೆ ಏಳುತ್ತವಲ್ಲ, ಅಂಥವೇ. ಒಡೆದ ಜಾಗವೆಲ್ಲ ಹಸಿ ಗಾಯ. ಮಿರಜದ ಡಾಕ್ಟರು, ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಲ್ಲ, ಆದರೆ ಬೇಗ ಬಿಟ್ಟುಹೋಗುವುದೂ ಅಲ್ಲ, ದವಾಖಾನೆಗೆ ಸೇರಿಕೊಳ್ಳಿ ಎಂದಿದ್ದರಂತೆ. ರಜೆ ಹಾಕಿದರೆ ಕಾರಣ ಹೇಳಬೇಕಾಗುತ್ತದೆಂದು ಮಾಮಾ ಬರೀ ಗುಳಿಗೆ ಬರೆಸಿಕೊಂಡು ಬಂದಿದ್ದರು.

ಹಾಸಿದ ಬಟ್ಟೆ ಗಾಯಕ್ಕೆ ಹತ್ತಿಕೊಂಡು, ಬಿಡಿಸುವಾಗ ಚರ್ಮವೇ ಬರುತ್ತಿತ್ತು. ಅದಕ್ಕೇ ಬಾಳೆ ಎಲೆ. ದಿನಾ ಸಂಜೆ ಒಂದು ಕಟ್ಟು ತಂದು ಸೀಟಿನ ಕೆಳಗೆ ಇಡುತ್ತಿದ್ದರು. ಯಾರಾದರೂ ಕೇಳಿದರೆ, "ಮನ್ಯಾಗ ಪೂಜಾ ಐತ್ರಿ" ಅನ್ನುತ್ತಿದ್ದರು.

ಎಡಕ್ಕೆ ಹೊರಳಿದರೆ ಒಂದು ಗುಳ್ಳೆ ಒಡೆಯುವುದು, ಬಲಕ್ಕೆ ಹೊರಳಿದರೆ ಇನ್ನೊಂದು. ಕಣ್ಣು ಹತ್ತುವಷ್ಟರಲ್ಲಿ ಉರಿ. ಎದ್ದು ಕೂರುವರು, ಇಳಿದು ಗಾಡಿಯ ಸುತ್ತ ನಡೆಯುವರು, ಮತ್ತೆ ಬಂದು ಮಲಗುವರು. ಎಲೆ ಸರಬರ ಅಂದಾಗಲೆಲ್ಲ ನನಗೂ ಎಚ್ಚರ.

"ಮಾಮಾ, ನಿದ್ದಿ ಬರವಲ್ದೇನ್ರಿ?" ಎಂದು ಒಮ್ಮೆ ಕೇಳಿದೆ.

"ನಿದ್ದಿ ಬರತೈತೋ ತಮ್ಮಾ. ಮೈ ಬಿಡವಲ್ದು."

ಎದ್ದು ಕೂತು ಅವರೇ ಅಂದರು: "ಡಿಪೋದಾಗ ಯಾರ ಮುಂದೂ ಹೇಳಬ್ಯಾಡ. ಮೈಮ್ಯಾಲ ಗುಳ್ಳಿ ಅದಾವ ಅಂದ್ರ ಮಂದಿ ನನ್ನ ಗಾಡಿ ಹತ್ತೂದಿಲ್ಲ. ಸ್ಟೇರಿಂಗ್ ಹೋತಂದ್ರ ನನ್ನ ಕಡೆ ಮತ್ತೇನೈತಿ?"

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ದಾರಿಯುದ್ದಕ್ಕೂ ಚಹಾ ಕುಡಿಸಿದೆ. ಟಿಕೆಟ್ ಹರಿದ ಕೂಡಲೇ ಮುಂದೆ ಹೋಗಿ ಬಾನೆಟ್ ಮೇಲೆ ಕೂತು ಏನಾದರೂ ಮಾತಾಡಿಸುತ್ತಿದ್ದೆ. ಅವರಿಗೆ ದೊಡ್ಡ ಉಪಕಾರ ಮಾಡುತ್ತಿದ್ದೇನೆ ಅನ್ನಿಸುತ್ತಿತ್ತು. ಹೀಗೇ ಏಳೆಂಟು ತಿಂಗಳು...

ಕಬ್ಬು ಕಡಿಯುವ ಕಾಲ. ಅಂದು ಗಾಡಿ ತುಂಬ ಚಿಕ್ಕೋಡಿಗೆ ಹೋಗುವ ಶಾಲೆ ಹುಡುಗರು. ಕರೋಶಿಯ ಹತ್ತಿರ ನಾನು ಹಿಂದೆ ಟಿಕೆಟ್ ಕೊಡುತ್ತಿದ್ದಾಗ ಗಾಡಿ ಮೆಲ್ಲಗೆ ಬಲಕ್ಕೆ ಎಳೆದುಕೊಂಡು ಹೋಯಿತು. ತಲೆ ಎತ್ತಿದರೆ ಎದುರಿಗೆ ಎರಡು ಟ್ರಾಲಿ ಕಬ್ಬು ಹೊತ್ತ ಟ್ರಾಕ್ಟರ್. "ಮಾಮಾ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಗಾಡಿ ಎಡಕ್ಕೆ ಹೊರಳಿತು. ಕಬ್ಬಿನ ತುದಿಗಳು ಕಿಟಕಿಗಳನ್ನು ಕೆರೆದುಕೊಂಡು ಹೋದವು. ಆಟವೆಂದುಕೊಂಡು ಹಿಂದೆ ಯಾರೋ ಹುಡುಗರು ನಕ್ಕರು.

ಮಾಮಾ ಬದಿಗೆ ನಿಲ್ಲಿಸಿದರು. ಸ್ಟೇರಿಂಗ್ ಮೇಲಿನ ಕೈ ತೆಗೆಯಲೇ ಇಲ್ಲ. "ಕಣ್ಣು ಮುಚ್ಚಿಲ್ಲ ಅಂತನ ತಿಳಕೊಂಡಿದ್ದೆ..." ಅಂದರು.

"ಇಳೀರಿ ಮಾಮಾ" ಅಂದೆ. ಅವರಿಗೆ ಹಾಗೆ ಹೇಳಿದ್ದು ಅದೇ ಮೊದಲು. ಹುಡುಗರನ್ನು ಹಿಂದೆ ಬಂದ ಬಸ್ಸಿಗೆ ಹತ್ತಿಸಿ, ಮಾಮಾರ ಎದುರಿಗೇ ಡಿಪೋಕ್ಕೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ.

"ಹೇಳಬ್ಯಾಡ ಅಂದಿದ್ನಲ್ಲೋ ತಮ್ಮಾ."

"ಒಳಗ ಹುಡುಗೂರಿದ್ದುವ್ರಿ ಮಾಮಾ."

ಮುಂದೆ ಅವರು ಮಾತಾಡಲಿಲ್ಲ. ಅಂದು ಮಾತ್ರವಲ್ಲ, ತಿಂಗಳುಗಟ್ಟಲೆ. ಅವರನ್ನು ಡಿಪೋ ಗೇಟಿನಲ್ಲಿ ಹೋಗಿಬರುವ ಗಾಡಿಗಳ ನಂಬರ್ ಬರೆಯಲು ಕೂರಿಸಿದರು. ಅವರು ಹೆದರಿದಂತೆಯೇ ಆಯಿತು. ಕೆಲವರು ಅವರ ಪಕ್ಕ ಕೂತು ಚಹಾ ಕುಡಿಯುವುದನ್ನು ಬಿಟ್ಟರು. ನನ್ನ ಗಾಡಿ ಬಂದರೆ ಮಾಮಾ ತಲೆ ಎತ್ತದೆ ನಂಬರ್ ಬರೆದುಕೊಳ್ಳುತ್ತಿದ್ದರು.

ಮುಂದಿನ ಬೇಸಿಗೆಯಲ್ಲಿ ನನಗೆ ಮಿರಜದ ರೂಟ್ ಬಿದ್ದಿತ್ತು. ಒಂದು ಮಧ್ಯಾಹ್ನ ಮಾಮಾ ಹೆಂಡತಿಯ ಜೊತೆ ನನ್ನ ಗಾಡಿ ಹತ್ತಿದರು. ಮುಂದಿನ ಸೀಟು ಬಿಡಿಸಿ ಕೊಟ್ಟೆ. ಮಾತಾಡಿದವರು ಅವರ ಹೆಂಡತಿ, ನಮ್ಮ ಅತ್ತಿಯೇ. "ಗೇಟಿಗೆ ಕುಂದ್ರಿಸಿದ ಮ್ಯಾಲ ದವಾಖಾನಿ ಸೇರಿದ್ರಪಾ. ಇಂಜೆಕ್ಷನ್ ಕೊಟ್ಟಾರ, ಗುಳ್ಳಿ ಇಳದಾವ. ಇವರು ಗುಳಗಿ ರಾತ್ರಿ ತಗೋತಿದ್ರು, ಅವೂ ನಿದ್ದಿ ಕೆಡಸ್ತಾವಂತ. ಮುಂಜಾನೆ ಉಂಡ ಮ್ಯಾಲ ತಗೋರಿ ಅಂದಾರ ಡಾಕ್ಟರು. ಈಗ ನಾಕ ತಾಸರ ಮಲಗತಾರ."

"ಹೌದೇನ್ರಿ ಮಾಮಾ?" ಅಂದೆ.

ಅವರು ಕಿಟಕಿಯಾಚೆಯೇ ನೋಡುತ್ತಿದ್ದರು. "ನಿನ್ನ ಮ್ಯಾಲ ಸಿಟ್ಟು ಇನ್ನೂ ಐತಿ" ಅಂದರು. ಕಾಗವಾಡ ಬಂದ ಮೇಲೆ ದನಿ ತಗ್ಗಿಸಿ ಅಂದರು: "ಆ ಹುಡುಗೂರು ನಕ್ಕಿದ್ದು ಕಿವ್ಯಾಗ ಹಂಗ ಐತಿ ನೋಡ. ಗುಳ್ಳಿ ಇಳದ್ರೂ ಅದ ಎಬ್ಬಸ್ತೈತಿ."

ಹಿಂದೆ ಹೋಗಿ ಟಿಕೆಟ್ ಕೊಟ್ಟು ತಿರುಗಿ ನೋಡುವಷ್ಟರಲ್ಲಿ ಅವರಿಗೆ ಜೊಂಪು ಹತ್ತಿತ್ತು. ಮಿರಜ ಬಂದರೂ ಎಬ್ಬಿಸಲು ಮನಸ್ಸಾಗಲಿಲ್ಲ. ಅವರಾಗಿಯೇ ಕಣ್ಣು ಬಿಡುವವರೆಗೂ ಅತ್ತಿ ಮತ್ತು ನಾನು ಸುಮ್ಮನೆ ಕಾದೆವು.

ಆ ಮಳೆಗಾಲದಲ್ಲಿ ಅವರಿಗೆ ಜ್ವರ ಬಂತು. ಮೈಯ ಕಸುವೆಲ್ಲ ರೋಗಕ್ಕೂ ಔಷಧಕ್ಕೂ ಹೋಗಿತ್ತು. ಜ್ವರ ಎದೆಗಿಳಿದು ನಾಲ್ಕೇ ದಿನದಲ್ಲಿ ಮುಗಿದುಹೋಯಿತು. ನಾನು ಡ್ಯೂಟಿ ಮುಗಿಸಿ ಹೋಗುವಷ್ಟರಲ್ಲಿ ಮಣ್ಣಾಗಿತ್ತು...

ಈಗ ನನಗೂ ಅವರ ಆಗಿನ ವಯಸ್ಸು. ಯಾವ ಡ್ರೈವರ್ ಜೊತೆ ಡ್ಯೂಟಿ ಬಿದ್ದರೂ, ರಾತ್ರಿ ನಿದ್ದಿ ಆಗೇತೇನ್ರಿ ಎಂದು ಮೊದಲೇ ಕೇಳುತ್ತೇನೆ. ಕೆಲವರು ನಗುತ್ತಾರೆ, ಕೆಲವರಿಗೆ ಸಿಟ್ಟು ಬರುತ್ತದೆ. ನಾನು ಬಾಯಿ ಮುಚ್ಚಿಕೊಂಡಿದ್ದ ಆ ಏಳೆಂಟು ತಿಂಗಳು ಮಾಮಾ ದವಾಖಾನೆಯಲ್ಲಿ ಇರಬೇಕಿತ್ತು. ಹೇಳಿದೆನೆಂದು ಅವರಿಗೆ ನನ್ನ ಮೇಲೆ ಸಿಟ್ಟಿತ್ತು. ತಡವಾಗಿ ಹೇಳಿದೆನೆಂದು ನನಗೆ ನನ್ನ ಮೇಲೇ ಸಿಟ್ಟು. ಇದನ್ನು ಅವರ ಮುಂದೆ ಹೇಳಿಕೊಳ್ಳೋಣವೆಂದರೆ ಮಾಮಾ ಇಲ್ಲ.