ಪಂಕ್ತಿಯಲ್ಲಿ ಕೂತು ಪರೀಕ್ಷಿಸುವ ರಾಜೀವಿ

ಕಸ್ಬಾ ಬಡಾವಣೆಯ ಮಾಲ್ ಹಿಂದಿನ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬೀದಿ ನಲ್ಲಿಯ ಮುಂದೆ ಬಕೆಟುಗಳು ಸಾಲುಗಟ್ಟಿವೆ. ರಾಜೀವಿ ಆಟೋ ಇಳಿದು, ಹೊಸದಾಗಿ ಬಣ್ಣ ಬಳಿದ ವ್ಯಸನಮುಕ್ತಿ ಕೇಂದ್ರವೊಂದರ ಗೇಟು ತಟ್ಟುತ್ತಾರೆ. ಮ್ಯಾನೇಜರ್ ಹಲ್ಲು ಕಿರಿಯುತ್ತ ಓಡಿಬಂದು, ಆಫೀಸಿನಲ್ಲಿ ಕೂರಿ ಮೇಡಂ, ಚಹಾ ತರಿಸುತ್ತೇನೆ ಎನ್ನುತ್ತಾನೆ. ರಾಜೀವಿ ಚಪ್ಪಲಿ ಬಿಟ್ಟವರೇ ನೇರ ಊಟದ ಕೋಣೆಗೆ ಹೋಗಿ, ರೋಗಿಗಳ ಪಂಕ್ತಿಯಲ್ಲಿ ಚಕ್ಕಂಬಕ್ಕಳ ಹಾಕಿ ಕೂರುತ್ತಾರೆ.

ಮಾದಕ ವಸ್ತುಗಳ ಚಟ ಬಿಡಿಸುವ ಕೇಂದ್ರಗಳಲ್ಲಿ ನಿಜಕ್ಕೂ ಚಿಕಿತ್ಸೆ ನಡೆಯುತ್ತಿದೆಯೇ ಎಂದು ನೋಡಿ ಬರುವುದು ಅವರ ಕೆಲಸ. ಇಷ್ಟಪಟ್ಟು ಬಂದಿರಾ? ಬೇಡವೆಂದರೆ ಹೋಗಲು ಬಿಡುತ್ತಾರಾ? ಡಾಕ್ಟರು ನೋಡುತ್ತಾರಾ? ಮನೆಗೆ ಹೋದ ಮೇಲೂ ಯಾರಾದರೂ ವಿಚಾರಿಸುತ್ತಾರಾ? ಜಗತ್ತಿನ ಬೇರೆ ದೇಶಗಳಲ್ಲೂ ಇಂಥ ಕೇಂದ್ರಗಳನ್ನು ಅಳೆಯಲು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಜೊತೆಯಲ್ಲಿ ಕೂತು ಉಣ್ಣುತ್ತ ಕೇಳುವ ಕ್ರಮ ಮಾತ್ರ ರಾಜೀವಿಯವರದು. "ಆಫೀಸಲ್ಲಿ ಕೂತ್ರೆ ಅವರು ತೋರಿಸಿದ್ದನ್ನೇ ನೋಡ್ಬೇಕು. ಪಂಕ್ತಿಯಲ್ಲಿ ಕೂತ್ರೆ ಪಕ್ಕದವ ಎಂತಾದ್ರೂ ಹೇಳ್ತಾನೆ" ಎನ್ನುತ್ತಾರೆ.

ಉಡುಪಿ ಕಡೆಯಿಂದ ಈ ಬಂಗಾಳಿ ನಗರಕ್ಕೆ ಬಂದ ಅವರ ಮನೆಯವರು ಜಾದವ್‌ಪುರ ಸ್ಟೇಷನ್ನಿನ ಹತ್ತಿರ ತಿಂಡಿ ಹೋಟೆಲು ನಡೆಸುತ್ತಾರೆ. ರಾಜೀವಿ ದೊಡ್ಡವರಾದದ್ದು ಅದರ ಅಡುಗೆಮನೆಯಲ್ಲಿ. ತಮ್ಮ ರವಿರಾಜ ಕಾಲೇಜಿನ ದಿನಗಳಲ್ಲೇ ಬ್ರೌನ್ ಶುಗರ್ ಹಿಂದೆ ಬಿದ್ದ. ಮನೆಯವರು ಒಂದು ಕೇಂದ್ರದ ಅಂಗಳ ನೋಡಿ, ಹೂಕುಂಡ ನೋಡಿ, ಕಣ್ಣು ಮುಚ್ಚಿ ಅವನನ್ನು ಅಲ್ಲಿ ಬಿಟ್ಟು ಬಂದರು. ತಿಂಗಳುಗಳ ನಂತರ ಬಂದವನ ಬೆನ್ನ ಮೇಲೆ ಬಾಸುಂಡೆಗಳಿದ್ದವು. ಚಟವೂ ಹೋಗಿರಲಿಲ್ಲ. "ನಾವು ಯಾರೂ ಒಳಗೆ ಹೋಗಿ ನೋಡ್ಲೇ ಇಲ್ಲ" ಎನ್ನುವಾಗ ರಾಜೀವಿ ಈಗಲೂ ಕಣ್ಣೊರೆಸಿಕೊಳ್ಳುತ್ತಾರೆ. ಅವರು ಈ ಕೆಲಸ ಹಿಡಿದದ್ದು ಆಮೇಲೆ.

ಇವತ್ತು ಕಸ್ಬಾದಲ್ಲಿ ಎಲ್ಲವೂ ಸೊಗಸಾಗಿದೆ. ಪೂರಿಯಂಥ ಬಿಸಿ ಲೂಚಿ, ಆಲೂಗಡ್ಡೆ ಪಲ್ಯ, ಒಗೆದ ಬಿಳಿ ಜುಬ್ಬಾ ತೊಟ್ಟ ಗಂಡಸರು. ಡಾಕ್ಟರು ಬರುತ್ತಾರೆ, ಯಾರೂ ಹೊಡೆಯುವುದಿಲ್ಲ, ತುಂಬಾ ಗುಣವಾಗಿದೆ ಎಂದು ಹಿಂದಿಯಲ್ಲಿ ಒಬ್ಬರಾದ ಮೇಲೊಬ್ಬರು ಹೇಳುತ್ತಾರೆ. ಅಪರೂಪಕ್ಕೊಂದು ಒಳ್ಳೆಯ ಜಾಗ ಸಿಕ್ಕಿತಲ್ಲ ಎಂದು ರಾಜೀವಿಗೆ ನಿಜವಾಗಿಯೂ ಖುಷಿಯಾಗುತ್ತದೆ. ಈ ಕೇಂದ್ರಕ್ಕೆ ಅವರು ಸೈ ಅಂದರೆ ಇನ್ನಷ್ಟು ಮನೆಯವರು ತಮ್ಮ ಮಕ್ಕಳನ್ನು ನಂಬಿ ಇಲ್ಲಿಗೆ ತಂದು ಬಿಡುತ್ತಾರೆ.

ತಿಂಡಿ ಮುಗಿಯುತ್ತದೆ. ಪಕ್ಕದಲ್ಲಿದ್ದ ಮೀಸೆಯ ಗಂಡಸು ಎದ್ದವನೇ ನಾಲ್ಕು ಲೋಟಗಳಿಗೆ ನಾಲ್ಕು ಬೆರಳು ಹಾಕಿ ಒಂದೇ ಕೈಯಲ್ಲಿ ಎತ್ತುತ್ತಾನೆ. ಮತ್ತೊಬ್ಬ ತಟ್ಟೆಗಳನ್ನು ಮೊಣಕೈವರೆಗೆ ಪೇರಿಸಿಕೊಳ್ಳುತ್ತಾನೆ. ಇನ್ನೊಬ್ಬ ಹೆಗಲ ಮೇಲಿಲ್ಲದ ಬಟ್ಟೆಗೆ ತಡಕಾಡಿ, ರಾಜೀವಿಯತ್ತ ಬಾಗಿ, "ಔರ್ ಕುಛ್?", ಮತ್ತೇನಾದರೂ ಬೇಕಾ, ಎಂದು ಕೇಳಿಬಿಡುತ್ತಾನೆ. ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರನ ಮುಖ ಬಿಳಿಚಿಕೊಳ್ಳುತ್ತದೆ.

ಇದು ರಾಜೀವಿ ಹುಟ್ಟಿದಂದಿನಿಂದ ಕಂಡ, ಉಡುಪಿ ಹೋಟೆಲಿನ ಮಾಣಿಗಳ ಕೈಚಳಕ. ಮೀಸೆಯವನ ಕಡೆ ತಿರುಗಿ ಕನ್ನಡದಲ್ಲೇ ಕೇಳುತ್ತಾರೆ: "ಯಾವ ಹೋಟೆಲ್ ಮಾರಾಯ ನಿಂದು?"

"ಎಸ್ಪ್ಲನೇಡ್ ಹತ್ರ ಅಕ್ಕ" ಎಂದವನು ನಾಲಿಗೆ ಕಚ್ಚಿಕೊಳ್ಳುತ್ತಾನೆ.

ಅವನ ಹೆಸರು ಸತೀಶ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದು ಅವನಿಗೂ ಗೊತ್ತು. "ಕ್ಯಾಟರಿಂಗ್ ಅಂತ ಕರೆದದ್ದು ಅಕ್ಕ. ಬಡಿಸ್ಲಿಕ್ಕೆ ಅಂತ ಗ್ರಹಿಸಿದ್ದೆ. ಬಂದ ಮೇಲೆ ಜುಬ್ಬಾ ಕೊಟ್ಟು, ನೀವೇ ಕೂತು ತಿನ್ನಿ, ಕೇಳಿದ್ರೆ ಗುಣ ಆಗಿದೆ ಹೇಳಿ ಅಂದ್ರು."

"ಹಾಗಾದ್ರೆ ಇಲ್ಲಿಯವರು ಎಲ್ಲಿ?"

ಸತೀಶ ತಲೆಯೆತ್ತಿ ತಾರಸಿಯ ಕಡೆ ನೋಡುತ್ತಾನೆ.

ಮ್ಯಾನೇಜರ್ ಅಡ್ಡ ಬರುತ್ತಾನೆ, ಅಲ್ಲಿ ರಿಪೇರಿ ನಡೆದಿದೆ ಎನ್ನುತ್ತಾನೆ. ಸತೀಶ ಅವನನ್ನು ಪಕ್ಕಕ್ಕೆ ಸರಿಸಿ ರಾಜೀವಿಗೆ ದಾರಿ ಮಾಡಿಕೊಡುತ್ತಾನೆ. ಮೇಲೆ ತಗಡಿನ ಸೂರಿನ ಒಂದು ಕೋಣೆ, ಹೊರಗಿನಿಂದ ಬೀಗ. ಬೀಗ ತೆಗೆಸಿದಾಗ ಮೊದಲು ಹೊರಗೆ ಬಂದದ್ದು ವಾಸನೆ. ತಲೆ ಬೋಳಿಸಿದ ಗಂಡಸರು ಒಬ್ಬರಿಗೊಬ್ಬರು ಅಂಟಿಕೊಂಡು ಕೂತಿದ್ದಾರೆ. ಒಬ್ಬನ ಕಾಲಿಗೆ ಸರಪಳಿ. ಒಬ್ಬ ಜ್ವರದಲ್ಲಿ ನಡುಗುತ್ತಿದ್ದಾನೆ. ದನದ ಕೊಟ್ಟಿಗೆಯನ್ನೂ ಯಾರೂ ಹೀಗೆ ಇಡುವುದಿಲ್ಲ. ಕೆಳಗೆ ಲೂಚಿ ಕರಿಯುತ್ತಿದ್ದಾಗ ಇವರ ಹೊಟ್ಟೆಗೆ ಏನೂ ಬಿದ್ದಿಲ್ಲ!

ರಾಜೀವಿ ಪೊಲೀಸರಿಗೆ, ಆಂಬುಲೆನ್ಸಿಗೆ ಫೋನು ಮಾಡುತ್ತಾರೆ. ಎಲ್ಲರೂ ಬರುವವರೆಗೆ ಆ ಹೊಸ್ತಿಲ ಮೇಲೇ ಕೂರುತ್ತಾರೆ. ಸತೀಶ ಮತ್ತು ಜೊತೆಯವರು ಜುಬ್ಬಾ ಕಳಚಿ, ಉಳಿದ ಹಿಟ್ಟು ಲಟ್ಟಿಸಿ, ಮೇಲಕ್ಕೆ ತಿಂಡಿ ತಂದು ಬಡಿಸುತ್ತಾರೆ. ಅವರನ್ನು ಬೈಯಲು ರಾಜೀವಿಗೆ ಮನಸ್ಸಾಗುವುದಿಲ್ಲ.

ಬಾಗಿಲು ಹಾರು ಹೊಡೆದಿದೆ, ಹೊರಗೆ ಬಿಸಿಲು ಬಿದ್ದಿದೆ, ಆದರೂ ಯಾರೂ ಏಳುವುದಿಲ್ಲ. ಕೊನೆಗೆ ನರೆತ ಗಡ್ಡದವನೊಬ್ಬ ಹೊಸ್ತಿಲವರೆಗೆ ತೆವಳಿ ಬಂದು, ಕೈಮುಗಿದು, "ದಿದಿ, ಬೇರೋಬೋ?" ಎಂದು ಕೇಳುತ್ತಾನೆ. ಅಕ್ಕಾ, ಹೊರಗೆ ಬರಲಾ ಎಂದು.

ಆಮೇಲೆ ಇದನ್ನೆಲ್ಲ ಹೇಳುತ್ತ ರಾಜೀವಿ ಕೇಳುತ್ತಾರೆ: "ಬೀಗ ನಾನು ತೆಗ್ಸಿದೆ, ಸರಿ. ಹೊರಗೆ ಬರ್ಲಿಕ್ಕೂ ಅಪ್ಪಣೆ ಕೇಳುವ ಹಾಗೆ ಮಾಡಿ ಇಟ್ಟಿದ್ದಾರಲ್ಲ, ಅವನನ್ನು ಇನ್ನು ಎಲ್ಲಿಗೆ ಕಳಿಸ್ಲಿ? ಕಣ್ಣು ಮುಚ್ಚಿ ಇಲ್ಲಿಗೆ ಹೋಗು ಮಾರಾಯ ಅನ್ಲಿಕ್ಕೆ ನನಗೆ ಒಂದು ಜಾಗ ಸಿಕ್ಕಿದ್ರೆ ಸಾಕು. ಒಂದೇ ಒಂದು."