ಚಕ್ರದ ಕೆಳಗೆ ನಿಂಬೆಹಣ್ಣು

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನಲ್ಲಿ ವಿಮಾನ ಇಳಿದಾಗ ಕೊರೆಯುವ ಗಾಳಿ. ಸಿಂಗಪುರದಲ್ಲಿ ವಿಮಾನ ಬದಲಿಸಿ ಬಂದ ನಾವು ಮೂವರು: ನಾನು, ನಮ್ಮ ಯಜಮಾನರು ಶ್ರೀಧರ, ಮಲ್ಲೇಶ್ವರದಲ್ಲಿರುವ ನನ್ನ ತಂಗಿ ಉಷಾ. ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಕ್ಯಾಂಪರ್‌ವ್ಯಾನಿನಲ್ಲಿ ಈ ದ್ವೀಪ ಸುತ್ತಬೇಕೆಂದು ಇವರು ನಿವೃತ್ತಿಯಾದಾಗಿನಿಂದ ಬಸವನಗುಡಿಯ ಮನೆಯಲ್ಲಿ ಊಟದ ಮೇಜಿನ ಮೇಲೆ ನಕ್ಷೆ ಹಾಸಿಕೊಂಡು ಕೂತಿದ್ದರು. ಅದರ ಮೇಲೆ ಹುಳಿ ಚೆಲ್ಲಿ ನಾನು ಬೈಸಿಕೊಂಡದ್ದೂ ಉಂಟು. "ಅಷ್ಟು ದೂರ ಓಡಿಸೋರು ಯಾರು?" ಎಂದು ಕೇಳಿದಾಗಲೆಲ್ಲ ಒಂದೇ ಉತ್ತರ: "ನಾನಿಲ್ವಾ?"

ಆ ಮಾತಿನಲ್ಲಿ ಜಂಬವಿರಲಿಲ್ಲ. ಕಲಾಸಿಪಾಳ್ಯದ ಸಂತೆಯೊಳಗೂ ಕಾರಿಗೆ ಒಂದು ಗೀರು ಬೀಳದಂತೆ ಓಡಿಸಿದವರು. ಕಾರಿನ ಕೀಲಿ ಯಾರ ಕೈಗೂ ಕೊಟ್ಟವರಲ್ಲ. ವ್ಯಾನ್ ಬಾಡಿಗೆಗೆ ಕೊಡುವ ಜಾಗದಲ್ಲಿ ಉಷಾ ಓಡಿಸುವವರ ಪಟ್ಟಿಯಲ್ಲಿ ತನ್ನ ಹೆಸರನ್ನೂ ಬರೆಸಿದಾಗ, "ನಿನ್ನ ಡ್ರೈವಿಂಗ್ ನೋಡಿದ್ರೆ ಇಲ್ಲಿನ ಕುರಿಗಳೂ ಓಡ್ತವೆ ಕಣಮ್ಮ" ಎಂದು ನಕ್ಕರು.

ಹೊರಗಿನ ಹಣ್ಣು ಆ ದೇಶದೊಳಗೆ ಬಿಡುವುದಿಲ್ಲ. ಹಾಗಾಗಿ ಅಕ್ಕಿ, ಮೊಸರಿನ ಜೊತೆಗೆ ಇವರು ಅಲ್ಲಿಯೇ ಒಂದು ಚೀಲ ನಿಂಬೆಹಣ್ಣು ಕೊಂಡರು. ಬೆಂಗಳೂರಿನ ಬೆಲೆ ನೆನೆದು ನನ್ನ ಹೊಟ್ಟೆ ಉರಿಯಿತು. ಹೊಸ ಗಾಡಿ ಮೊದಲ ಸಲ ಹೊರಡುವಾಗ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಹತ್ತಿಸುವುದು ನಮ್ಮ ಪದ್ಧತಿ, ಮೊದಲ ಸಲ ಮಾತ್ರ. ನಾಲ್ಕೂ ಪಚಕ್ಕೆಂದು ಒಡೆದವು, ನಾವು ಹೊರಟೆವು.

ಟೆಕಾಪೋ ಸರೋವರಕ್ಕೆ ಮೂರು ತಾಸಿನ ದಾರಿ. ನೀರು ಎಂಥ ನೀಲಿ ಎಂದರೆ ಬಟ್ಟೆಗೆ ಹಾಕುವ ನೀಲಿ ಕದಡಿದಂತೆ. ರಾತ್ರಿ ವ್ಯಾನಿನಲ್ಲೇ ಚಿತ್ರಾನ್ನ ಮಾಡಿದೆ. ಬೆಳಿಗ್ಗೆ ನೋಡಿದರೆ ಇವರು ಮತ್ತೆ ಚಕ್ರಗಳ ಬಳಿ ಬಗ್ಗಿ ನಿಂಬೆಹಣ್ಣು ಇಡುತ್ತಿದ್ದರು. "ಭಕ್ತಿ ಜಾಸ್ತಿ ಆಯ್ತು ನಿಮಗೆ" ಎಂದು ರೇಗಿಸಿದೆ. ಇವರು ನಗಲಿಲ್ಲ.

ಮರುದಿನ ವಾನಕಾ ಊರಿನಲ್ಲಿ ಮಳೆ. ಇವರು ಚೀಲ ತಡಕುತ್ತಿದ್ದರು.

"ವಿಜಿ, ನಿಂಬೆಹಣ್ಣೆಲ್ಲಿ? ಹೊಸ ಗಾಡಿ, ಹಾಗೇ ಹೊರಡೋಕಾಗುತ್ತಾ?"

"ಮೊನ್ನೆನೇ ಇಟ್ರಲ್ಲ ರೀ. ನಿನ್ನೇನೂ ಇಟ್ರಿ."

"ಏನ್ ಮಾತಾಡ್ತೀಯ? ಈಗಿನ್ನೂ ಹೊರಡ್ತಿದೀವಿ."

ತಮಾಷೆ ಇರಬೇಕೆಂದು ಮುಖ ನೋಡಿದೆ, ಅಲ್ಲ. ನನಗೆ ಭಯವಾಯಿತು. ಉಷಾ ಕಾಫಿ ಲೋಟ ಕೆಳಗಿಟ್ಟು, "ಇವತ್ತು ನಾನು ಓಡಿಸ್ಲಾ ಭಾವ?" ಎಂದಳು. ಇವರು ಕೇಳಿಸದವರಂತೆ ಹೋಗಿ ಸ್ಟೀರಿಂಗ್ ಹಿಡಿದರು. ನಾನು ತಡೆಯಲಿಲ್ಲ. ಯಾವ ಬಾಯಲ್ಲಿ ತಡೆಯಲಿ?

ಹಾಸ್ಟ್ ಕಡೆಯ ರಸ್ತೆಯಲ್ಲಿ ಕಾಡು, ಅಲ್ಲಲ್ಲಿ ಒಂದೇ ಗಾಡಿ ಹೋಗುವಷ್ಟು ಕಿರಿದಾದ ಸೇತುವೆ. ಎದುರಿನಿಂದ ಬರುವವರಿಗೆ ಮೊದಲು ದಾರಿ ಬಿಡಬೇಕು. ಇವರು ಸರಿಯಾಗಿಯೇ ನಿಲ್ಲಿಸಿದರು. ಒಂದು ಲಾರಿ ದಾಟಿ ಹೋಯಿತು. ಸೇತುವೆ ಖಾಲಿಯಾಯಿತು. ವ್ಯಾನ್ ಕದಲಲಿಲ್ಲ. ಹಿಂದಿನ ಕಾರಿನವನು ಹಾರ್ನ್ ಕೂಡ ಮಾಡದೆ ಕಾದು, ಕಡೆಗೆ ನಮ್ಮನ್ನು ಬಳಸಿಕೊಂಡು ಹೋದ.

"ಭಾವ, ಯಾರೂ ಇಲ್ಲ, ಹೋಗಿ."

"ಸಿಗ್ನಲ್ ಬಿಟ್ಟಿಲ್ಲ ಉಷಾ. ಮಿನರ್ವ ಸರ್ಕಲ್ ಯಾವಾಗ್ಲೂ ಹೀಗೇ."

ಬೆಂಗಳೂರಿನ ಸರ್ಕಲ್ ಇಲ್ಲೆಲ್ಲಿ? ಸುತ್ತ ಮಳೆ, ಕಾಡು, ಕೆಳಗೆ ಹೊಳೆ. ಉಷಾ ಮೆಲ್ಲಗೆ, "ಕೀ ಕೊಡಿ ಭಾವ" ಎಂದಳು. ಕೊಟ್ಟುಬಿಟ್ಟರು. ಒಂದು ಮಾತು ಎದುರಾಡಿದ್ದರೂ ನನಗೆ ಸಮಾಧಾನವಾಗುತ್ತಿತ್ತು. ಹಿಂದಿನ ಸೀಟಿನಲ್ಲಿ ನಾನು ಸೆರಗು ಬಾಯಿಗೊತ್ತಿಕೊಂಡು ಅತ್ತುಬಿಟ್ಟೆ.

ಮುಂದಿನ ಊರುಗಳನ್ನೆಲ್ಲ ಬಿಟ್ಟು ಬಂದ ದಾರಿಯಲ್ಲೇ ಹಿಂದಿರುಗಿದೆವು. ಉಷಾ ಓಡಿಸಿದಳು. ಇವರು ಪಕ್ಕದಲ್ಲಿ ಕೂತು ತಿರುವು ಬಂದಾಗಲೆಲ್ಲ ಇಲ್ಲದ ಬ್ರೇಕ್ ಒತ್ತುತ್ತಿದ್ದರು. ಟೆಕಾಪೋ ಕಂಡಾಗ, "ಎಷ್ಟು ಚೆನ್ನಾಗಿದೆ ವಿಜಿ, ಇದೇನು ಊರು?" ಎಂದರು. ಹೇಳಿದೆ.

ಬೆಂಗಳೂರಿನಲ್ಲಿ ಡಾಕ್ಟರು ಮರೆವಿನ ಕಾಯಿಲೆ, ಇನ್ನು ಹೆಚ್ಚುತ್ತದೆ ಎಂದರು. ಕಾರಿನ ಕೀಲಿ ಈಗ ನನ್ನ ಬೀರುವಿನಲ್ಲಿದೆ.

ಮೊನ್ನೆ ಗಾಂಧಿ ಬಜಾರಿನಿಂದ ಸೊಪ್ಪು ತಂದು ಒಳಗೆ ಬಂದರೆ, ಊಟದ ಮೇಜಿನ ಮೇಲೆ ಅದೇ ನಕ್ಷೆ, ಹುಳಿಯ ಕಲೆ ಸಮೇತ. ಇವರು ಕನ್ನಡಕ ಏರಿಸಿ, "ವಿಜಿ, ನಿಂಬೆಹಣ್ಣು ಇಲ್ಲಿಂದ ತಗೊಂಡು ಹೋಗೋಕೆ ಬಿಡಲ್ವಂತೆ. ಅಲ್ಲೇ ತಗೊಳ್ಳೋಣ" ಎಂದರು.

ಚೀಲ ಇಟ್ಟು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತೆ. ಉತ್ತರ ಗೊತ್ತಿದ್ದೂ ಕೇಳಿದೆ, "ಅಷ್ಟು ದೂರ ಓಡಿಸೋರು ಯಾರು?"

"ನಾನಿಲ್ವಾ?" ಎಂದರು.