ಷೀಬಾಳ ಮಹಡಿ ಮೇಲಿನ ರೂಮು

ಒಂದೇ ರೂಮು ಕೇಳಿಕೊಂಡು ಕಳೆದ ವಾರ ಇಬ್ಬರು ಹೆಂಗಸರು ಬಂದರು. ಒಬ್ಬಳಿಗೆ ಟೀ ಸಿಕ್ಕಿತು. ಇನ್ನೊಬ್ಬಳಿಗೆ ಗೇಟಿನ ಹೊರಗೇ ವಿಚಾರಣೆ.

ಕೊಚ್ಚಿಯ ಮಟ್ಟಾಂಚೇರಿಯಲ್ಲಿ ನಾನು, ಮಗಳು, ಅಳಿಯ ಬಾಡಿಗೆಗಿರುವ ಮನೆ ಷೀಬಾಳದ್ದು. ಅವಳು ಹಿಂಬದಿಯಲ್ಲಿದ್ದಾಳೆ, ಮಹಡಿಯ ರೂಮು ಖಾಲಿ. (ಕನ್ನಡ ಮಾತಾಡುವ ನಾವೂ ಇಲ್ಲಿ ಹೊರಗಿನವರೇ. ಆದರೆ ಅಳಿಯ ಬ್ಯಾಂಕ್ ಆಫೀಸರ್ ಅಂದದ್ದೇ ತಡ, ಕೀಲಿಕೈ ಕೊಟ್ಟಿದ್ದಳು.)

ಟೀ ಸಿಕ್ಕಿದ್ದು ಇಡಾಳಿಗೆ. ಆಫೀಸು ಡೆನ್ಮಾರ್ಕಿನಲ್ಲಿ, ಕೆಲಸ ಲ್ಯಾಪ್‌ಟಾಪಿನಲ್ಲಿ. ಅಲ್ಲಿ ಚಳಿ ಮುಗಿಯುವ ತನಕ ಇಲ್ಲಿಂದಲೇ ದುಡಿಯುತ್ತಾಳಂತೆ. ಒಳ್ಳೆಯ ಹೆಂಗಸು, ನನ್ನ ಮೊಣಕಾಲು ನೋವನ್ನೂ ವಿಚಾರಿಸಿದಳು. ಟೂರಿಸ್ಟ್ ವೀಸಾದಲ್ಲಿ ಬಂದು ಕೆಲಸ ಮಾಡಬಹುದಾ? ಯಾರೂ ಕೇಳಲಿಲ್ಲ. ವೈಫೈ ಸ್ಪೀಡ್ ಹೇಗೆ ಅಂತ ಅವಳೇ ಕೇಳಿದಳು.

ಗೇಟಿನಲ್ಲಿ ನಿಂತವಳು ಅಸ್ಸಾಮಿನ ಮಿನೋತಿ. ಸಿಗಡಿ ಸುಲಿಯುವ ಕೆಲಸ. (ಸಿಗಡಿಗೆ ವರ್ಕ್ ಫ್ರಮ್ ಹೋಮ್ ಇಲ್ಲ.) ಅವಳೂ ಮಗಳೂ ಹೆಂಗಸರ ಶೆಡ್ಡಿನಲ್ಲಿ, ಗಂಡ ಊರಾಚೆ ಏಲೂರಿನಲ್ಲಿ, ಫ್ಯಾಕ್ಟರಿ ಗಂಡಸರ ರೂಮಿನಲ್ಲಿ. ಭಾನುವಾರ ದೋಣಿ ಜೆಟ್ಟಿಯ ಬೆಂಚಿನ ಮೇಲೆ ಅವರ ಸಂಸಾರ.

"ಆಧಾರ್ ಉಂಟಾ? ಪೊಲೀಸ್ ಸ್ಟೇಷನಿಗೆ ಹೋಗಿದ್ದೀಯಾ? ಎಷ್ಟು ಜನ ಬಂದು ತುಂಬಿಕೊಳ್ತೀರಿ?" ಷೀಬಾ ಗೇಟಿನ ಒಳಗಿಂದಲೇ ಕೇಳಿದಳು.

"ಮೂರೇ ಜನ ಚೇಚಿ. ಮಗಳಿಗೆ ಅಪ್ಪ ಅಂದ್ರೆ ಭಾನುವಾರ ಬರುವ ಮನುಷ್ಯ." (ಅಕ್ಕನಿಗೆ ಇಲ್ಲಿ ಚೇಚಿ ಅನ್ನುತ್ತಾರೆ, ಮಿನೋತಿ ಅಷ್ಟು ಕಲಿತಿದ್ದಳು.)

ನಾಳೆ ಹೇಳುತ್ತೇನೆಂದು ಷೀಬಾ ಗೇಟು ಹಾಕಿದಳು. "ಅವರ ಅಡುಗೆ ವಾಸನೆ ಯಾರಿಗೆ ಬೇಕು ಅಮ್ಮೇ? ಇಡಾ ಆದ್ರೆ ಕಿರಿಕಿರಿ ಇಲ್ಲ" ಅಂದಳು ನನಗೆ.

ಅಷ್ಟರಲ್ಲಿ ಶಾರ್ಜಾದಿಂದ ವಿಡಿಯೋ ಕಾಲ್. ಅವಳ ಗಂಡ ಶಾಜಿ ಅಲ್ಲಿ ಎಸಿ ರಿಪೇರಿ ಮಾಡುತ್ತಾನೆ. ಬಂಕ್ ಮಂಚದಲ್ಲಿ ತಲೆ ತಗ್ಗಿಸಿ ಕೂತಿದ್ದ. (ನೆಟ್ಟಗೆ ಕೂತರೆ ಮೇಲಿನ ಮಂಚ ತಾಗುತ್ತದೆ.) "ಇವತ್ತೂ ಹೊರಗಿನ ಊಟವೇ. ಮೀನು ಹುರಿದ್ರೆ ವಾಸನೆ ಅಂತ ಓನರ್ ಸ್ಟವ್ ತೆಗೆದುಕೊಂಡು ಹೋದ."

"ಮನುಷ್ಯನಾ ಅವನು?" ಷೀಬಾ ಕಣ್ಣೊರೆಸಿಕೊಂಡಳು.

ನನ್ನ ಬಾಯಿ ನಿಮಗೆ ಗೊತ್ತೇ ಇದೆ. ನಾನು ಓದಿದ್ದು ಮೂರನೇ ಕ್ಲಾಸು. ನಯವಾಗಿ ಮಾತಾಡುವುದನ್ನು ನಾಲ್ಕನೆಯದರಲ್ಲಿ ಕಲಿಸುತ್ತಾರೋ ಏನೋ. ಫೋನಿಗೇ ಬಾಗಿದೆ. "ಶಾಜಿ, ನಿನ್ನ ಓನರಿನ ತಂಗಿ ಒಬ್ಬಳು ಇಲ್ಲಿಯೂ ಇದ್ದಾಳೆ ಮಾರಾಯ."

ಮಿನೋತಿಯ ವಿಷಯ ಪೂರ್ತಿ ಹೇಳಿದೆ. ಷೀಬಾ ನನ್ನನ್ನು ನುಂಗುವ ಹಾಗೆ ನೋಡಿದಳು. ಶಾಜಿ ಫೋನನ್ನು ಮುಖದ ಹತ್ತಿರ ತಂದುಕೊಂಡ.

"ನಮಗಂತೂ ಒಟ್ಟಿಗೆ ಇರ್ಲಿಕ್ಕೆ ಆಗಲಿಲ್ಲ ಷೀಬಾ. ಅವರಾದ್ರೂ ಇರ್ಲಿ ಬಿಡು."

ಷೀಬಾ ನನ್ನೊಡನೆ ಮಾತು ಬಿಟ್ಟಳು. ಆದರೆ ಶನಿವಾರ ಚಾಪೆ, ಪಾತ್ರೆ, ಗಂಡ, ಮಗಳ ಸಮೇತ ಮಿನೋತಿ ಮಹಡಿ ಹತ್ತಿದಳು. ಇಡಾಳಿಗೇನು, ಷೀಬಾ ರೂಮು ಇಲ್ಲ ಅಂದ ಸಂಜೆಯೇ ಫೋರ್ಟ್ ಕೊಚ್ಚಿಯಲ್ಲಿ ಸಮುದ್ರ ಕಾಣುವ ರೂಮು ಸಿಕ್ಕಿತು.

ಷೀಬಾಳ ಗಂಡ ಗಲ್ಫಿನಲ್ಲಿದ್ದಾನೆ, ಹಾಗಾಗಿ ಬಾಗಿಲು ತೆರೆಯಿತು. ಮನೆಯವರು ಯಾರೂ ಊರು ಬಿಟ್ಟು ಹೋಗದ ಓನರ್‌ಗಳ ಗೇಟಿನಲ್ಲಿ ನಿಂತವರು ಯಾರಿಂದ ಫೋನ್ ಮಾಡಿಸಬೇಕು?